ಖಂಡೇನವಮಿಯ ದಿನ ಬಿಚ್ಚಿದ ಸರ್ವರ್

ಧಡ್. ಅದರ ಹಿಂದೆಯೇ ಸಣ್ಣದೊಂದು ಕಿಣಿ. ಭಾಂಡುಪಿನ ಆ ಚಾಳಿನ ಹಿಂಬದಿಯ ಗೋಡೆಗೆ ಒತ್ತಿಕೊಂಡೇ ಒಂದು ವರ್ಕ್‌ಶಾಪು ಇತ್ತು. ಅಲ್ಲಿ ತಗಡಿನಿಂದ ವಾಷರು ಕತ್ತರಿಸುತ್ತಿದ್ದರು. ಅಚ್ಚು ಬೀಳುವಾಗ ಧಡ್, ವಾಷರು ಡಬ್ಬಕ್ಕೆ ಉರುಳುವಾಗ ಕಿಣಿ. ಬೆಳಿಗ್ಗೆ ಆರೂವರೆಗೆ ಶುರುವಾದರೆ ಸಂಜೆಯವರೆಗೆ ಅದೇ. ಗೋಡೆಗೆ ತೂಗುಹಾಕಿದ ಕನ್ನಡಿ ಸದಾ ಸಣ್ಣಗೆ ನಡುಗುತ್ತಿತ್ತು. ರಮಾಮಣಿ ಆ ನಡುಗುವ ಮುಖವನ್ನೇ ನೋಡಿಕೊಂಡು ಹಣೆಗೆ ಕುಂಕುಮವಿಟ್ಟು, ತಾಯಿಯ ಮಾತ್ರೆಗಳನ್ನು ಬಟ್ಟಲಲ್ಲಿ ತೆಗೆದಿಟ್ಟು, ಮೊಸರನ್ನದ ಡಬ್ಬಿ ಹಿಡಿದು ಏಳೂ ಹತ್ತರ ಲೋಕಲಿಗೆ ಓಡುತ್ತಿದ್ದಳು.

ಅವಳ ತಂದೆ ಕೃಷ್ಣರಾಜನಗರದ ಕಡೆಯವರು. ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಅವರು ತೀರಿಕೊಂಡ ಎರಡು ವರ್ಷಕ್ಕೆ ಕಾರ್ಖಾನೆಯೂ ಮುಚ್ಚಿತು. ಮನೆಯಲ್ಲಿ ಉಳಿದದ್ದು ಅವರ ಸ್ಕೇಲು, ಸೆಟ್‌ಸ್ಕ್ವೇರು, ಮತ್ತು ಯಾವ ಕಾಗದಕ್ಕೂ ತಾರೀಖು ಹಾಕದೆ ಬಿಡಬಾರದು ಎಂಬ ಅವರ ಹಟ. ಹಟ ಮಗಳಿಗೆ ಬಂತು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಎಂಬತ್ತಮೂರರಲ್ಲಿ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಕಂಪನಿ ಸೇರಿದಳು. ಭಾಂಡುಪಿನಿಂದ ದಾದರಿಗೆ ಒಂದು ರೈಲು, ದಾದರಿನ ಸೇತುವೆ ದಾಟಿ ಕಾಂದಿವಲಿಗೆ ಇನ್ನೊಂದು. ಮದುವೆಯ ಮಾತು ಎರಡು ಸಲ ಬಂದು, ತಾಯಿಯನ್ನು ಎಲ್ಲಿರಿಸುವುದು ಎನ್ನುವಲ್ಲಿಗೆ ನಿಂತು, ಆಮೇಲೆ ಬರಲಿಲ್ಲ.

ಎಂಟು ವರ್ಷ ಅವಳದು ಬೆಂಚಿನ ಕೆಲಸ. ಕಿಟಕಿಯಿಲ್ಲದ ಕೋಣೆಯ ಉದ್ದನೆಯ ಮೇಜಿನ ಮೇಲೆ ಹೊರಗಿನಿಂದ ಕೆಟ್ಟ ಡಿಸ್ಕುಗಳು ಬರುತ್ತಿದ್ದವು. ಕಂಪ್ಯೂಟರಿನ ಹೊಟ್ಟೆಯೊಳಗಿದ್ದು ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಆ ಪೆಟ್ಟಿಗೆಗಳು ಆಗ ಇಟ್ಟಿಗೆಗಿಂತ ಭಾರ. ಯಾರ ಕಚೇರಿಯದು, ಒಳಗೆ ಏನಿತ್ತು, ಒಂದೂ ಅವಳಿಗೆ ತಿಳಿಯುತ್ತಿರಲಿಲ್ಲ. ಕೆಟ್ಟದ್ದನ್ನು ಪರೀಕ್ಷಿಸಿ ಚೀಟಿ ಅಂಟಿಸಿದರೆ ಅವಳ ಪಾಲು ಮುಗಿಯಿತು. ಜೋಡಿಸಿದ ಡಿಸ್ಕು ಮೊದಲ ಸಲ ತಿರುಗತೊಡಗಿದಾಗ ತೆಳ್ಳಗೆ ಏರುವ ಧ್ವನಿಯನ್ನು ಅದರ ಜಾಗದಲ್ಲೇ, ಅದಕ್ಕಾಗಿ ಕಾದವರ ನಡುವೆ ನಿಂತು ಕೇಳಬೇಕೆಂದು ಅವಳಿಗೆ ಆಸೆಯಿತ್ತು. ಅಂಥದ್ದು ಹೊರಗಿನ ಕೆಲಸ. ಅದಕ್ಕೆ ಗಂಡಸರನ್ನೇ ಕಳಿಸುತ್ತಿದ್ದರು.

ತಿರುಮಲೇಶ ಅವಳ ಮ್ಯಾನೇಜರು, ಮೈಸೂರಿನವರು. ತೊಂಬತ್ತೊಂದರ ಸೆಪ್ಟೆಂಬರಿನಲ್ಲಿ ಇಬ್ಬರು ಹುಡುಗರು ಒಟ್ಟಿಗೆ ಕೆಲಸ ಬಿಟ್ಟಾಗ ಅವಳನ್ನು ಕರೆದರು.

“ನೋಡಮ್ಮ, ಕಸ್ಟಮರ್ ಹತ್ರ ನಿನ್ನ ಕಳಿಸಿದ್ರೆ ‘ಇಂಜಿನಿಯರ್ ಯಾವಾಗ ಬರ್ತಾರೆ’ ಅಂತ ನಿನ್ನನ್ನೇ ಕೇಳ್ತಾರೆ.”

“ಬಂದಾಯ್ತು ಅಂತೀನಿ ಸಾರ್.”

“ಮಾತಿಗೇನು ಕಮ್ಮಿ ಇಲ್ಲ. ಮಾರ್ಚ್ ತನಕ ನೋಡೋಣ. ಒಂದು ಕಡೆ ಎಡವಟ್ಟಾಯ್ತೋ, ವಾಪಸ್ ಬೆಂಚಿಗೆ. ಆಮೇಲೆ ಯಾರನ್ನ ಕರ್ಕೊಂಡು ಬಂದು ಹೇಳಿಸಿದ್ರೂ ಕೇಳಲ್ಲ.”

ಆರು ವಾರ ಎಡವಟ್ಟಾಗಲಿಲ್ಲ. ಅವಳ ಕೆಲಸದ ರೀತಿ ನಿಧಾನದ್ದು. ಪ್ರತಿ ಡಿಸ್ಕಿನ ಮೇಲೆ ಒಂದು ಚೀಟಿ ಇರುತ್ತದೆ: ತಯಾರಾದ ತಿಂಗಳು, ಅದರ ನಂಬರು, ಹುಟ್ಟುವಾಗಲೇ ಕೆಟ್ಟಿರುವ ಜಾಗಗಳ ಪಟ್ಟಿ. ಬೇರೆಯವರು ಅದನ್ನು ಓದುವುದೂ ಇಲ್ಲ. ರಮಾಮಣಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಅದೆಲ್ಲವನ್ನೂ ಉದ್ದನೆಯ ಒಂದು ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದಳು.

ಅಕ್ಟೋಬರಿನಲ್ಲಿ ಘಾಟ್ಕೋಪರಿನ ಒಂದು ಟ್ರಸ್ಟಿನ ರಕ್ತನಿಧಿಯಿಂದ ಕರೆ ಬಂತು. ರಕ್ತ ಕೊಡುವ ಹನ್ನೊಂದು ಸಾವಿರ ಜನರ ಹೆಸರು, ಗುಂಪು, ವಿಳಾಸ, ಫೋನು ಎಲ್ಲವೂ ಅಲ್ಲಿನ ಸರ್ವರಿನಲ್ಲಿ. ಸರ್ವರ್ ಎಂದರೆ ಕಚೇರಿಯ ಉಳಿದ ಕಂಪ್ಯೂಟರುಗಳೆಲ್ಲ ಕೈಯೊಡ್ಡುವ ಉಗ್ರಾಣ. ಅದರೊಳಗೆ ಎರಡು ಡಿಸ್ಕು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುತ್ತಿತ್ತು, ಒಂದು ಸತ್ತರೆ ಇನ್ನೊಂದು ಇರಲಿ ಎಂದು. ಈಗ ಒಂದು ಸತ್ತಿತ್ತು.

ಥರ್ಮಕೋಲಿನ ಪೆಟ್ಟಿಗೆಯಲ್ಲಿ ಅವಳು ಹೊಸ ಡಿಸ್ಕನ್ನು ಹೊತ್ತುಕೊಂಡು ಹೋದ ದಿನ ಖಂಡೇನವಮಿ, ಆಯುಧಪೂಜೆ. ಮೆಟ್ಟಿಲ ಬಳಿಯೇ ಚೆಂಡುಹೂವಿನ ಸರ ಕಟ್ಟಿದ್ದರು. ಕಂಪ್ಯೂಟರ್ ಕೋಣೆಗೆ ಧೂಳು ಬರಬಾರದೆಂದು ಚಪ್ಪಲಿ, ಚೀಲ ಎಲ್ಲವನ್ನೂ ಗಾಜಿನ ಬಾಗಿಲ ಹೊರಗೇ ಬಿಡಬೇಕು. ಒಳಗಿದ್ದ ಆಪರೇಟರ್ ಸದಾನಂದ ಉಡುಪಿ ಕಡೆಯವನು. ಫೋರ್ಟಿನ ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ ಈ ಕುರ್ಚಿಗೆ ಬಂದಿದ್ದ.

“ಎಂತ ಮೇಡಂ, ಹಬ್ಬದ ದಿನ ಸಹ ಬಿಡುದಿಲ್ವಾ ನಿಮ್ಮ ಸಾರ್?”

“ಮಿಷನ್ನಿಗೆ ಹಬ್ಬ ಗೊತ್ತಾ ಸದಾನಂದ?”

“ನಮ್ಮಲ್ಲಿ ಗೊತ್ತುಂಟು. ಇಂದ್ರಾಬಾಯಿ ಬರ್ಲಿ, ಟೈಪ್‌ರೈಟರಿಗೆ ಸಹ ಪೇಡೆ ತಿನ್ನಿಸ್ತಾರೆ.”

ರಮಾಮಣಿ ಸತ್ತ ಡಿಸ್ಕನ್ನು ಬಿಚ್ಚಿ ಪಕ್ಕದ ರಟ್ಟಿನ ಪೆಟ್ಟಿಗೆಗೆ ಹಾಕಿದಳು. ಹೊಸದೊಂದನ್ನೇ ಜೋಡಿಸಿ ಫಾರ್ಮ್ಯಾಟ್ ಮಾಡಿ, ಬಿಳಿ ಹಾಳೆಯ ಹಾಗೆ ಸಿದ್ಧಗೊಳಿಸಿದಳು. ಇನ್ನು ಉಳಿದದ್ದು ಎರಡು ಡಿಸ್ಕುಗಳ ಸ್ಥಾನ ನಿಶ್ಚಯಿಸುವುದು. ಸತ್ತದ್ದು ಸೊನ್ನೆ ನಂಬರಿನದು, ಬದುಕಿರುವುದು ಒಂದನೇ ನಂಬರಿನದು. ಬದುಕಿರುವುದನ್ನು ಸೊನ್ನೆಗೆ ಏರಿಸಿ ಹೊಸದನ್ನು ಒಂದಕ್ಕೆ ಕೂರಿಸಬೇಕು. ಅದಕ್ಕೆ ಎರಡನ್ನೂ ಹೊರತೆಗೆದು, ಹಿಂಭಾಗದಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಕ್ಲಿಪ್ಪನ್ನು ಕಿತ್ತು ಪಕ್ಕದ ಸೂಜಿಗಳಿಗೆ ಸಿಕ್ಕಿಸಬೇಕು. ಆಮೇಲೆ ಸೊನ್ನೆಯಿಂದ ಒಂದಕ್ಕೆ ಎಲ್ಲವನ್ನೂ ನಕಲು ಮಾಡಿಸಬೇಕು. ಕೆಲಸ ಅಷ್ಟೆ.

ಎರಡೂ ಒಂದೇ ಕಂಪನಿಯವು, ಒಂದೇ ಗಾತ್ರ, ಒಂದೇ ಬೂದು ಬಣ್ಣ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಅವಳ ಕೈ ನೋಟುಪುಸ್ತಕಕ್ಕೆ ತಡಕಾಡಿತು. ಅದು ಚೀಲದಲ್ಲಿತ್ತು, ಚೀಲ ಗಾಜಿನ ಬಾಗಿಲಿನಾಚೆ. ಅಷ್ಟರಲ್ಲಿ ಕಾರಿಡಾರಿನಿಂದ ಯಾರೋ ಕೂಗಿದರು: “ಮ್ಯಾಡಮ್, ಕಾಂದಿವಲಿ ಸೆ ಫೋನ್ ಹೈ, ಜಲ್ದಿ!” ರಮಾಮಣಿ ಹಣೆಯ ಕುಂಕುಮಕ್ಕೆ ಬೆರಳು ತಾಗಿಸಿ ಬದುಕಿರುವ ಹಳೆಯ ಡಿಸ್ಕಿನ ಮೂಲೆಗೆ ಒತ್ತಿದಳು. ಗುರುತಿಗೆ ಅಷ್ಟು ಸಾಕೆನಿಸಿತು. ಎದ್ದು ಹೋದಳು.

ಫೋನಿನಲ್ಲಿ ತಿರುಮಲೇಶ. ದೀಪಾವಳಿಗೆ ಮುಂಚಿನ ರಕ್ತದಾನ ಶಿಬಿರಕ್ಕೆ ಪಟ್ಟಿ ಅಚ್ಚಾಗಬೇಕಂತೆ, ನಾಲ್ಕು ಗಂಟೆಯೊಳಗೆ ಸರ್ವರ್ ನಡೆಯಬೇಕಂತೆ. ಲೈನು ನಡುವೆ ಕಡಿದು, ಮತ್ತೆ ಸಿಕ್ಕಿ, ಇಪ್ಪತ್ತು ನಿಮಿಷ ಹೋಯಿತು.

ಆ ಇಪ್ಪತ್ತು ನಿಮಿಷದಲ್ಲಿ ಇಂದ್ರಾಬಾಯಿ ಕೋಣೆಗೆ ಬಂದಳು. ಅವಳು ಅಕ್ಕಲಕೋಟೆ ಕಡೆಯವಳು, ಹನ್ನೊಂದು ವರ್ಷದಿಂದ ಅಲ್ಲಿ ಖಾಯಂ ಆಗದ ಬದಲಿ ಆಯಾ. ಕೈಯಲ್ಲಿ ಪೂಜೆಯ ತಟ್ಟೆ, ಹೆಗಲ ಮೇಲೆ ಒದ್ದೆ ಬಟ್ಟೆ. ಮೊದಲು ಒರೆಸುವುದು, ಆಮೇಲೆ ಅರಿಶಿನ ಕುಂಕುಮ. ಪ್ರಿಂಟರು, ಕೀಬೋರ್ಡು, ಪಂಖದ ಬಟನ್ನು ಮುಗಿಸಿ ಮೇಜಿಗೆ ಬಂದಳು.

“ತಮ್ಮಾ, ಇದ್ರಾಗ ಹೊಸಾದು ಯಾವ್ದೋ?”

ಸದಾನಂದ ಸಿಕ್ಕಿಕೊಂಡ ಕಾಗದವನ್ನು ಪ್ರಿಂಟರಿನಿಂದ ಬಿಡಿಸುತ್ತಿದ್ದ. ತಲೆಯೆತ್ತದೆಯೇ, “ಆ ಥರ್ಮಕೋಲ್ ಹತ್ರ ಉಂಟಲ್ಲ, ಅದು,” ಎಂದ.

“ಹೊಸಾದು ಬಂದ ದಿನಾನ ಪೂಜಿ ಆಗಬೇಕಪ್ಪಾ. ಹಂಗ ಬಿಡಬಾರ್ದು.”

ಹಳೆಯದರ ಮೂಲೆಯಲ್ಲಿ ಏನೋ ಕೆಂಪು ಕಲೆ ಹತ್ತಿತ್ತು. ಅದನ್ನು ಒರೆಸಿ ಶುಚಿ ಮಾಡಿದಳು. ಹೊಸದಕ್ಕೆ ಅರಿಶಿನವಿಟ್ಟಳು, ಕುಂಕುಮವಿಟ್ಟಳು, ಕೈಮುಗಿದು ಮುಂದಿನ ಕೋಣೆಗೆ ಹೋದಳು.

ರಮಾಮಣಿ ಬಂದಾಗ ಕುಂಕುಮ ಒಂದರ ಮೇಲಿತ್ತು, ಇನ್ನೊಂದರ ಮೇಲಿರಲಿಲ್ಲ. ಪಕ್ಕದಲ್ಲಿ ಅರಿಶಿನ ಕಂಡಾಗ, ತನ್ನ ಬೊಟ್ಟಿನ ಜತೆಗೆ ಯಾರೋ ಅರಿಶಿನವನ್ನೂ ಸೇರಿಸಿದ್ದಾರೆ ಎಂದು ನಕ್ಕಳು. ಕುಂಕುಮದ್ದಕ್ಕೆ ಸೊನ್ನೆಯ ಕ್ಲಿಪ್ಪು, ಬರಿಯದಕ್ಕೆ ಒಂದರ ಕ್ಲಿಪ್ಪು. ಚಪ್ಪಟೆ ಕೇಬಲ್ಲಿನ ಕೆಂಪು ಅಂಚನ್ನು ಎರಡು ಸಲ ನೋಡಿ ಸಿಕ್ಕಿಸಿದಳು. ಫ್ಲಾಪಿಯಿಂದ ಯಂತ್ರ ಎಬ್ಬಿಸಿ, ಯಾವುದರಿಂದ ಎಂದು ಕೇಳಿದಲ್ಲಿ ಸೊನ್ನೆ, ಯಾವುದಕ್ಕೆ ಎಂದು ಕೇಳಿದಲ್ಲಿ ಒಂದು ಒತ್ತಿದಳು. ಖಚಿತವೇ ಎಂದಿತು. ಹೌದೆಂದಳು. ಪರದೆಯ ಮೇಲೆ ಅಂಕಿಗಳು ಏರತೊಡಗಿದವು.

ನಲವತ್ತು ನಿಮಿಷ ಕಾಯಬೇಕಿತ್ತು. ಇಂದ್ರಾಬಾಯಿ ಬಾಗಿಲಲ್ಲೇ ನಿಂತು ಪೇಡೆ ಕೊಟ್ಟಳು.

“ತಗೋರಿ ಬಾಯಾರ. ಹೆಣ್ಮಕ್ಳು ಬಂದು ಮಿಷಿನ್ ಬಿಚ್ಚೋದು ನಾ ಇದ ಮೊದಲ ಸಲ ನೋಡೋದು.”

“ನಾನೂ ಇದೇ ವರ್ಷ ನೋಡ್ತಿರೋದು.”

“ನಂದೂ ಈ ವರ್ಷ ಛಲೋ ಐತ್ರಿ. ದೀಪಾವಳಿ ಮುಗಿಯೂದ್ರಾಗ ಪರ್ಮನೆಂಟ್ ಮಾಡ್ತೀವಿ ಅಂದಾರ. ಹನ್ನೊಂದು ವರ್ಷ ಬದಲಿ ಅಂದ್ರ ಏನ್ರೀ, ಆ ಅಸಲಿ ಯಾರಂತ ನನಗ ಗೊತ್ತ ಇಲ್ಲ.”

ಸದಾನಂದ ನಕ್ಕ. ರಮಾಮಣಿಯೂ ನಕ್ಕಳು. ನಕಲು ಮುಗಿಯಿತೆಂಬ ಸಾಲು ಪರದೆಗೆ ಬಂತು.

ಸರ್ವರನ್ನು ಆರಿಸಿ ಮತ್ತೆ ಹಚ್ಚಿದಳು. ಡಿಸ್ಕುಗಳ ತೆಳುವಾದ ಧ್ವನಿ ಏರಿ ನಿಂತಿತು. ಪರದೆ ಏನನ್ನೂ ಹೇಳಲಿಲ್ಲ. ಕೇಬಲ್ ಸಡಿಲವಾಗಿರಬೇಕೆಂದು ಒತ್ತಿ ನೋಡಿದಳು. ಮತ್ತೆ ಹಚ್ಚಿದಳು. ಇಲ್ಲ. ಆಗ ಹೊರಗೆ ಹೋಗಿ ಚೀಲದಿಂದ ಟಾರ್ಚು ತಂದು, ಬಗ್ಗಿ, ಕುಂಕುಮವಿದ್ದ ಡಿಸ್ಕಿನ ಚೀಟಿಯ ಮೇಲೆ ಬೆಳಕು ಹಿಡಿದಳು. ತಯಾರಾದ ತಿಂಗಳು, ಅದೇ ವರ್ಷದ ಜುಲೈ.

ಅವಳು ಬಗ್ಗಿದವಳು ಏಳಲಿಲ್ಲ. ಸದಾನಂದನಿಗೆ ಅನುಮಾನ ಬಂತು.

“ಎಂತಾಯ್ತು ಮೇಡಂ?”

“ಈ ಕುಂಕುಮ ಯಾರು ಇಟ್ಟಿದ್ದು?”

“ಇಂದ್ರಾಬಾಯಿ. ಹೊಸತಕ್ಕೆ ಪೂಜೆ ಆಗ್ಬೇಕು ಹೇಳಿ... ಯಾಕೆ?”

ಬಿಳಿ ಹಾಳೆ ತುಂಬಿದ ಹಾಳೆಯ ಮೇಲೆ ನಕಲಾಗಿತ್ತು. ಹನ್ನೊಂದು ಸಾವಿರ ಹೆಸರುಗಳ ಜಾಗದಲ್ಲಿ ಸಾಲುಸಾಲು ಸೊನ್ನೆಗಳು. ಮೇಲೆ ಬೇರೆಯದನ್ನು ಬರೆದು ಅಳಿಸಿದ್ದನ್ನು ಬೆಂಚಿನ ಮೇಲೆ ಯಾರೂ ಮರಳಿ ತೆಗೆಯಲಾರರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಹೆಚ್ಚಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಸತ್ತ ಡಿಸ್ಕನ್ನು ಅವತ್ತೇ ಕಾಂದಿವಲಿಗೆ ಒಯ್ದು ನಾಲ್ಕು ದಿನ ಅದರ ಮುಂದೆ ಕುಳಿತಳು. ಅದರ ಮೋಟರು ತಿರುಗಲೇ ಇಲ್ಲ.

ಹೆಸರುಗಳನ್ನು ನಕಲು ಮಾಡಿಟ್ಟಿದ್ದ, ಹದಿನಾಲ್ಕು ತಿಂಗಳ ಹಿಂದಿನ ಒಂದು ಟೇಪು ಸಿಕ್ಕಿತು. ಅಲ್ಲಿಂದೀಚೆಗೆ ಟೇಪಿನ ಯಂತ್ರ ಕೆಟ್ಟಿದ್ದು, ದುರಸ್ತಿಗೆ ಮಂಜೂರಾತಿ ಬಂದಿರಲಿಲ್ಲ. ಆ ಟೇಪಿನಿಂದ ಎಂಟು ಸಾವಿರ ಹೆಸರು ಮರಳಿದವು. ಆಮೇಲೆ ಬಂದ ಮೂರು ಸಾವಿರ ಜನ, ಮನೆ ಬದಲಿಸಿದವರ ಹೊಸ ವಿಳಾಸ, ಕಾಮಾಲೆಯಾದ ಕಾರಣ ರಕ್ತ ತೆಗೆದುಕೊಳ್ಳಬಾರದೆಂದು ಗುರುತು ಹಾಕಿದವರು, ಎಲ್ಲ ಹೋಯಿತು. ಕಾಗದದ ಕಾರ್ಡುಗಳನ್ನು ಜಾಗವಿಲ್ಲವೆಂದು ಆಗಲೇ ರದ್ದಿಗೆ ಹಾಕಿದ್ದರು. ಸದಾನಂದ ರಕ್ತದಾನ ಶಿಬಿರಗಳ ಹಳೆಯ ಹಾಜರಿ ಹಾಳೆಗಳನ್ನು ಹುಡುಕಿ ಒಂದೊಂದೇ ಹೆಸರು ಮತ್ತೆ ಟೈಪು ಮಾಡತೊಡಗಿದ.

ಹತ್ತನೆಯ ದಿನ ರಮಾಮಣಿ ಅವನಿಗೆ ಫೋನು ಮಾಡಿದಾಗ ಅವನು ಯಾಕೋ ಮಾತು ಕಡಿಮೆ ಮಾಡಿದ. ಮುಂಚಿನ ದಿನ ಓ ನೆಗೆಟಿವ್ ಬೇಕೆಂದು ಒಬ್ಬರು ಬಂದಿದ್ದರಂತೆ. ಮುಲುಂಡಿನಲ್ಲಿ ಒಬ್ಬ ಮೇಷ್ಟ್ರು ಆ ಗುಂಪಿನವರು ಇದ್ದದ್ದು ಅವನಿಗೆ ನೆನಪಿತ್ತು, ಹೆಸರು ನೆನಪಿರಲಿಲ್ಲ. ಬೇರೆ ಕಡೆಯಿಂದ ತರಿಸುವಷ್ಟರಲ್ಲಿ ಆರು ಗಂಟೆ ಕಾಲ ಹಿಡಿಯಿತಂತೆ.

“ಆಮೇಲೆ?”

“ಆಮೇಲೆ ನಂಗೆ ಗೊತ್ತಿಲ್ಲ ಮೇಡಂ. ಆ ಜನ ಮತ್ತೆ ಬರ್ಲಿಲ್ಲ. ಊಟ ಆಯ್ತಾ ನಿಮ್ದು?”

ಅವಳು ಮತ್ತೆ ಕೇಳಲಿಲ್ಲ. ಮನೆಯಲ್ಲಿ ತಾಯಿ, “ಯಾಕೆ ಹಣೆಗೆ ಬರೀ ಸ್ಟಿಕ್ಕರ್ ಅಂಟಿಸ್ಕೊತೀಯ ಈಗ, ಕುಂಕುಮ ಮುಗಿದಿದ್ರೆ ಹೇಳಬಾರ್ದಾ?” ಎಂದರೆ, “ಮುಗಿದಿಲ್ಲ ಅಮ್ಮ,” ಎಂದಷ್ಟೇ ಹೇಳಿದಳು.

ಟ್ರಸ್ಟಿನವರು ವಿವರಣೆ ಕೇಳಿ ಕಾಗದ ಬರೆದರು. ತಿರುಮಲೇಶ ಉತ್ತರವನ್ನು ಟೈಪು ಮಾಡಿಸಿಟ್ಟುಕೊಂಡೇ ಅವಳನ್ನು ಕರೆದರು. ನಾಲ್ಕು ಸಾಲಿನ ಕಾಗದ. ಕೆಲಸ ನಡೆಯುತ್ತಿದ್ದಾಗ ಟ್ರಸ್ಟಿನ ಸಿಬ್ಬಂದಿಯೊಬ್ಬರು ಅನುಮತಿಯಿಲ್ಲದೆ ಉಪಕರಣಗಳನ್ನು ಮುಟ್ಟಿ ಗುರುತು ಅಳಿಸಿದ್ದರಿಂದ ನಷ್ಟವಾಗಿದೆ ಎಂದಿತ್ತು. ಕೆಳಗೆ ಅವಳ ಸಹಿಗೆ ಜಾಗ.

“ಇದರಲ್ಲಿ ಸುಳ್ಳು ಏನಿದೆ ಹೇಳು? ಅವಳು ಮುಟ್ಟಿದ್ದು ನಿಜ ತಾನೇ?”

“ನಿಜ ಸಾರ್.”

“ಒರೆಸಿದ್ದು?”

“ಅದೂ ನಿಜ.”

“ಮತ್ತೆ? ಸೈನ್ ಹಾಕು. ನೀನು ಫೀಲ್ಡಲ್ಲೇ ಇರ್ತೀಯ. ಮಾರ್ಚ್ ಗೀರ್ಚ್ ಏನೂ ಬೇಡ, ಈಗ್ಲೇ ಖಾಯಂ ಅಂತ ಬರ್ಕೊಡ್ತೀನಿ.”

“ಇಂದ್ರಾಬಾಯಿನ ತೆಗೆದುಹಾಕ್ತಾರೆ ಸಾರ್. ಅವಳನ್ನ ಪರ್ಮನೆಂಟ್ ಮಾಡೋ ಕಾಗದ ಇನ್ನೂ ಮೇಲಿನವರ ಹತ್ರ ಇದೆ.”

“ಅದು ಅವರ ಮನೆ ವಿಚಾರ.” ತಿರುಮಲೇಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ, ಅವಳ ತಂದೆಯನ್ನು ಮೊದಲಿನಿಂದ ಬಲ್ಲವರು, ಅವರು ತೀರಿಕೊಂಡಾಗ ಶವದ ಜತೆ ನಡೆದವರಲ್ಲಿ ಅವರೂ ಒಬ್ಬರು. “ನೋಡು ರಮಾ, ಕುಂಕುಮದಲ್ಲಿ ಮಾರ್ಕ್ ಮಾಡಿದೆ ಅಂತ ನೀನು ಬರೆದುಕೊಟ್ರೆ ನಾಳೆ ಯಾವ ಕಸ್ಟಮರ್ ನಮ್ಮನ್ನ ಒಳಗೆ ಬಿಡ್ತಾನೆ? ಆಗ ನಿನ್ನ ಬೆಂಚಿಗೆ ಹಾಕದೆ ನನಗೆ ಬೇರೆ ದಾರಿ ಇರಲ್ಲ. ಮತ್ತೆ ಎಂಟು ವರ್ಷ ಅಲ್ಲ, ಇನ್ನು ಯಾವತ್ತೂ. ಯೋಚನೆ ಮಾಡು. ಸೋಮವಾರ ನೀನೇ ಒಯ್ದು ಕೊಟ್ಟು ಬಾ.”

ಶನಿವಾರ, ಭಾನುವಾರ ಕಾಗದ ಮನೆಯ ಕಪಾಟಿನಲ್ಲಿ, ತಂದೆಯ ಸೆಟ್‌ಸ್ಕ್ವೇರಿನ ಕೆಳಗಿತ್ತು. ಭಾನುವಾರ ವರ್ಕ್‌ಶಾಪಿಗೆ ರಜೆ. ಕನ್ನಡಿ ಅಲುಗದೆ ನಿಂತಿತ್ತು. ಅವಳು ತಾಯಿಯ ತಲೆಗೆ ಎಣ್ಣೆ ಹಚ್ಚಿದಳು, ಮೆಂತ್ಯ ಹುರಿದಳು, ಎರಡು ಸಲ ಪೆನ್ನು ತೆಗೆದು ಮುಚ್ಚಿದಳು. ಬೆಂಚಿನ ಕೋಣೆಯ ಟ್ಯೂಬ್‌ಲೈಟು, ಚೀಟಿ ಅಂಟಿಸುವ ಗೋಂದಿನ ವಾಸನೆ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಡಿಸ್ಕುಗಳು ಕಣ್ಣಿಗೆ ಕಟ್ಟಿದವು. ಆರು ವಾರ ಅವಳು ಎಷ್ಟು ಕಚೇರಿಗಳಲ್ಲಿ ಯಂತ್ರ ಎಬ್ಬಿಸಿದ್ದಳು! ಒಂದು ಕಡೆ ಲೈಬ್ರರಿಯ ಮುದುಕರೊಬ್ಬರು ಪರದೆಯಲ್ಲಿ ಮೊದಲ ಪುಸ್ತಕದ ಹೆಸರು ಮೂಡಿದಾಗ ಚಪ್ಪಾಳೆ ತಟ್ಟಿದ್ದರು.

ಸೋಮವಾರ ಬೆಳಿಗ್ಗೆ ಘಾಟ್ಕೋಪರ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು, ಡಬ್ಬಿಯ ಮುಚ್ಚಳದ ಮೇಲೆ ಕಾಗದ ಇಟ್ಟುಕೊಂಡು ಸಹಿ ಮಾಡಿದಳು. ಸಹಿಯ ಕೆಳಗೆ ಕೈಬರಹದಲ್ಲಿ, ತಾರೀಖು ಹಾಕಿ, ಇನ್ನೂ ಮೂರು ಸಾಲು ಬರೆದಳು. ಡಿಸ್ಕಿನ ನಂಬರನ್ನು ಬರೆದುಕೊಳ್ಳದೆ ಕುಂಕುಮದಿಂದ ಗುರುತು ಹಾಕಿದವಳು ನಾನು. ನಕಲು ಮಾಡುವ ಮೊದಲು ಚೀಟಿಯನ್ನು ಓದಿ ನೋಡದವಳೂ ನಾನೇ. ಆ ಸಿಬ್ಬಂದಿಗೆ ಅದು ಗುರುತೆಂದು ನಾನು ಹೇಳಿರಲಿಲ್ಲ.

ರಕ್ತನಿಧಿಯ ದೊಡ್ಡ ಡಾಕ್ಟರು ಟೈಪಾದದ್ದನ್ನು ಬೇಗ ಓದಿದರು, ಕೈಬರಹವನ್ನು ನಿಧಾನವಾಗಿ ಓದಿದರು.

“ಇದು ನಿಮ್ಮ ಕಂಪನಿಗೆ ಗೊತ್ತಾ?” ಹಿಂದಿಯಲ್ಲಿ ಕೇಳಿದರು.

“ಇವತ್ತು ಸಂಜೆ ಗೊತ್ತಾಗತ್ತೆ.”

ಅವರು ಆಯಾಳ ಹೆಸರಿನ ಫೈಲನ್ನು ಎಡಗಡೆಯ ಗುಂಪಿನಿಂದ ತೆಗೆದು ಬಲಗಡೆ, ಮಂಜೂರಾಗಬೇಕಾದವುಗಳ ಮೇಲೆ ಇಟ್ಟರು. ಇನ್ನು ಮುಂದೆ ಬೇರೆಯವರನ್ನು ಕಳಿಸಲು ಹೇಳಿ ಎಂದರು. ಗದರಲಿಲ್ಲ. ಗದರಿದ್ದರೆ ಅವಳಿಗೆ ತುಸು ಹಗುರವಾಗುತ್ತಿತ್ತೇನೋ. ಆರು ಗಂಟೆ ಕಾದವರು ಏನಾದರೆಂದು ಕೇಳಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನು ಅವಳು ಅಲ್ಲಿಯೂ ಕೇಳದೆ ಎದ್ದಳು.

ಗಾಜಿನ ಬಾಗಿಲಿನಾಚೆ ಸದಾನಂದ ಹಾಜರಿ ಹಾಳೆಗಳ ರಾಶಿಯ ನಡುವೆ ಬಗ್ಗಿ ಕುಳಿತಿದ್ದ. ನೋಡಿ ಕೈಯೆತ್ತಿದ. ಮೆಟ್ಟಿಲಿನ ಕೆಳಗೆ ಇಂದ್ರಾಬಾಯಿ ಬಕೆಟ್ಟು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹಿಂದೆಯೇ ಗೇಟಿನ ತನಕ ಬಂದಳು. ಹಬ್ಬದ ದಿನದಿಂದೀಚೆಗೆ ಅವಳು ಯಾವ ಯಂತ್ರವನ್ನೂ ಮುಟ್ಟಿರಲಿಲ್ಲವಂತೆ. ಕೋಣೆಯ ಧೂಳನ್ನು ಸದಾನಂದನೇ ಒರೆಸುತ್ತಿದ್ದನಂತೆ.

“ಬಾಯಾರ, ನಾ ಬೇಕಂತ ಮಾಡಿದ್ದಲ್ರೀ.”

“ಗೊತ್ತು ಇಂದ್ರಾಬಾಯಿ. ತಪ್ಪು ನಿಮ್ಮದಲ್ಲ ಅಂತ ಬರೆದುಕೊಟ್ಟಿದ್ದೀನಿ. ಡಾಕ್ಟರು ಓದಿದ್ರು.”

ಇಂದ್ರಾಬಾಯಿ ಇನ್ನೇನೋ ಒಳ್ಳೆಯ ಮಾತಿಗಾಗಿ ಹುಡುಕಿದಳು.

“ಹಂಗಾರ ಮುಂದಿನ ಸಲ ಮಿಷಿನ್ ಕೆಟ್ರ ನೀವ ಬರ್ತೀರಲ್ರೀ? ಬ್ಯಾರೇಯವ್ರು ಬ್ಯಾಡ. ನಾ ದೂರ ನಿಂತು ನೋಡ್ತೀನಿ.”

“ಬರ್ತೀನಿ,” ಎಂದಳು ರಮಾಮಣಿ, ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ರಸ್ತೆಯ ಕಡೆ ಆಗಲೇ ತಿರುಗಿ, “ಅಂದ್ರೆ, ಮೊದಲು ಕಾಂದಿವಲಿಗೆ ಹೋಗಿ ಅವರಿಗೆ ಒಂದು ಮಾತು ಹೇಳಿ, ಆಮೇಲೆ ಅವರು ನನ್ನನ್ನ ಕಳಿಸಿದ್ರೆ...”